ಸೊಸೆ ಸುದ್ದಿ ಹೇಳುವ ಹೊತ್ತು

ಏಪ್ರಿಲ್ 8, 2020, ಬುಧವಾರ

ಹಾಲಿನ ಪಾಕೀಟು ಸೋಪು ಹಚ್ಚಿ ತೊಳೆದೆ. ಬಾಗಿಲ ಚಿಲಕ ಒರೆಸಿದೆ. ಪೇಪರ್ ಇವತ್ತೂ ಇಲ್ಲ. ಪೇಪರ್ ಇಲ್ಲದ ಚಹಾ ಔಷಧಿ ಕುಡಿದ ಹಾಗಿರುತ್ತದೆ.

ಹನ್ನೊಂದಕ್ಕೆ ಫ್ಯಾನು ಬಂದ್. ಮಿಕ್ಸರ್ ಬಂದ್. ಕುಕ್ಕರ್ ಕೆಳಗಿಳಿಸಬೇಕು. ನಾನು ಕೆಮ್ಮಬಾರದು. ಸೊಸೆ ವೈಶಾಲಿ ಮೊಬೈಲು ಬಾಯಿಯ ಹತ್ತಿರ ಹಿಡಿದು ಸುದ್ದಿ ಹೇಳುವ ಹೊತ್ತು. ಠಾಣೆ ಶಹರದ ವರ್ತಕ ನಗರದ ಈ ರೂಮಿಗೆ ಮೂವತ್ತು ವರ್ಷದಿಂದ ನಾನು ಯಜಮಾನ. ನನ್ನ ಮನೆಯಲ್ಲಿ ಕೆಮ್ಮಲು ನನಗೇ ಪರವಾನಗಿ ಇಲ್ಲ. ಈಗ ಯಾರಿಗೆ ಫೋನು ಹಚ್ಚಿದರೂ ಮೊದಲು ಒಂದು ಕೆಮ್ಮು ಕೇಳಿಸುತ್ತದೆ. ಸರಕಾರ ಕೆಮ್ಮಬಹುದು, ಈ ರಾಯಪ್ಪ ಕೆಮ್ಮಬಾರದು.

ಅಂಥ ದೊಡ್ಡ ಸುದ್ದಿ ಏನು? ಮೂರು ಸ್ಟೇಷನ್ ಆಚೆ ದಿವಾದಲ್ಲಿರುವ ನಮ್ಮ ಮಂದಿಗೆ — ವಿಜಯಪುರ, ರಾಯಚೂರು, ಕಲಬುರಗಿಯಿಂದ ಬಂದ ಗೌಂಡಿಗಳು, ಹಮಾಲರು — ರೇಷನ್ ಎಲ್ಲಿ ಹಂಚುತ್ತಾರೆ, ಯಾವ ಅಂಗಡಿ ಯಾವಾಗ ತೆರೆಯುತ್ತದೆ, ಯಾವ ಗಲ್ಲಿ ಸೀಲ್. ಕನ್ನಡದಲ್ಲಿ. ಅದೂ ಅವಳ ಕನ್ನಡದಲ್ಲಿ! ಸಾತಾರಾ ಕಡೆಯ ಮರಾಠಿ ಹುಡುಗಿ. ಕನ್ನಡ ಕಲಿತದ್ದು ಮದುವೆಯಾದ ಮೇಲೆ, ನನ್ನ ಹೆಂಡತಿ ಗಿರಿಜವ್ವ ರೊಟ್ಟಿ ಬಡಿಯುವಾಗ ಬೆನ್ನ ಹಿಂದೆ ನಿಂತು.

ಕೆಲಸ ನನ್ನದೇ. ವಾಟ್ಸಾಪ್ ಗ್ರೂಪ್ ಮಾಡಿಸಿದವನು ನಾನು. ಮೊದಲ ದಿನವೇ ಹಾಳು ಕೆಮ್ಮು. ಅದನ್ನು ಕೇಳಿ, ಎಲ್ಲರೂ ಮಾಸ್ತರ ಅನ್ನುವ ನನಗೇ ಕೊರೊನಾ ಎಂದು ಹಬ್ಬಿಸಿದರೆ? "ಇವತ್ತೊಂದಿನ ನೀನ ಓದವಾ" ಅಂದೆ. ಒಂದು ದಿನಕ್ಕೆಂದು ಹಾಕಿದ ಮಣೆ. ಏಳುವ ಲಕ್ಷಣವಿಲ್ಲ.

ಏಪ್ರಿಲ್ 9

ಯಂಕಪ್ಪನ ಫೋನು. ದಿವಾದ ಗೌಂಡಿ, ತಾಳಿಕೋಟಿ ಕಡೆಯವನು. ಹೆಂಡತಿ ಚಂದವ್ವ, ಒಂದು ಕೂಸು. ನನ್ನ ಹಳೆಯ ಕೇಳುಗ.

"ಮಾಸ್ತರ, ಆರಾಮದೀರಿಲ್ಲೊ?"

"ಆರಾಮ. ಟೀವಿಯೊಳಗ ಏನ್ ಹೇಳಾಕತ್ತಾರಂದ್ರ, ಯಂಕಪ್ಪಾ —"

"ಅದಿರ್ಲಿ ರೀ. ಅಕ್ಕಗ ಕೊಡ್ರಲ್ಲ ಒಂದೀಟು."

ಕೊಟ್ಟೆ. ವೈಶಾಲಿಯೊಡನೆ ಎಷ್ಟು ಹೊತ್ತು ಮಾತು, ಎಷ್ಟು ನಗು! ನನ್ನ ಫೋನು, ನನ್ನ ಬ್ಯಾಟರಿ.

ಏಪ್ರಿಲ್ 12, ರವಿವಾರ

ಇಷ್ಟು ಹೊತ್ತಿಗೆ ದಿವಾದಲ್ಲಿರಬೇಕಿತ್ತು. ಫ್ಯಾಕ್ಟರಿಯಲ್ಲಿ ಸ್ಟೋರ್ ಕ್ಲರ್ಕ್ ಆಗಿದ್ದಾಗಲೂ, ರಿಟೈರ್ ಆದಮೇಲೂ, ಪ್ರತಿ ರವಿವಾರ ಕನ್ನಡ ಪೇಪರ್ ಕಂಕುಳಲ್ಲಿಟ್ಟುಕೊಂಡು ಠಾಣೆಯಿಂದ ಲೋಕಲ್ ಹತ್ತುತ್ತಿದ್ದೆ. ಸಿದ್ರಾಮನ ಚಹಾದಂಗಡಿ. ಸುತ್ತ ಮಂದಿ. ನಾನು ಓದುವುದು, ಅವರು ಕೇಳುವುದು. ಇಪ್ಪತ್ತು ವರ್ಷ. ಶಾಲೆಯ ಮೆಟ್ಟಿಲು ಹತ್ತಿ ಒಂದು ಪಾಠ ಹೇಳಿದವನಲ್ಲ, ಆದರೂ ಮಾಸ್ತರ ಅನ್ನಿಸಿಕೊಂಡೆ.

ಬರೀ ಓದಿದರೆ ಯಾರು ಕೇಳುತ್ತಾರೆ? ಪೇಪರಿನವರು ಅರ್ಧ ಬರೆಯುತ್ತಾರೆ, ಉಳಿದರ್ಧ ನಾನು ಹೇಳುತ್ತಿದ್ದೆ. 'ಹೊಸ ಸೇತುವೆಗೆ ಮಂಜೂರಾತಿ' ಎಂದಷ್ಟೇ ಅಚ್ಚಾಗಿದ್ದರೆ, ಆ ಪೂಲು ಎಲ್ಲಿಂದ ಎಲ್ಲಿಗೆ, ಗುತ್ತಿಗೆ ಯಾರ ಅಳಿಯನಿಗೆ, ಯಾವ ಎಲೆಕ್ಷನ್ ಹೊತ್ತಿಗೆ ಮುಗಿಯುತ್ತದೆ — ಎಲ್ಲ ನನ್ನ ಬಾಯಲ್ಲಿ. "ಹಂಗಂದ್ರೇನ್ರೀ ಮಾಸ್ತರ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಕೇಳಿಸಿಕೊಳ್ಳಲಿಕ್ಕೇ ಹೋಗುತ್ತಿದ್ದೆ. ಪೂಲು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಒಬ್ಬನೂ ಕೇಳಲಿಲ್ಲ. ಸೋಮವಾರ ಅವರವರ ಕೂಲಿ ಅವರಿಗೆ.

ವೈಶಾಲಿ ಏನನ್ನೂ ಸೇರಿಸುವುದಿಲ್ಲ. ಘೋಡಬಂದರ್ ರಸ್ತೆಯ ಪ್ಲೇ-ಸ್ಕೂಲಿನಲ್ಲಿ ಟೀಚರ್. ಈಗ ಅದು ಮುಚ್ಚಿದೆ, ಚಾಳಿ ಮುಚ್ಚಿಲ್ಲ. ನಿಧಾನ, ಎರಡೆರಡು ಸಲ, ಮೂರು ವರ್ಷದ ಕೂಸುಗಳಿಗೆ ಹೇಳಿದ ಹಾಗೆ. ಗೊತ್ತಿಲ್ಲದ್ದಕ್ಕೆ "ನಂಗ ಮಾಹೀತ್ ಇಲ್ಲ, ಕೇಳಿ ಹೇಳ್ತೀನಿ" ಅನ್ನುತ್ತಾಳೆ. ಗೊತ್ತಿಲ್ಲ ಅನ್ನುವುದೂ ಒಂದು ಸುದ್ದಿಯೇ? ಅದಕ್ಕೂ ಮಂದಿ ಕೈ ಮುಗಿದ ಚಿತ್ರ ಕಳಿಸುತ್ತಾರೆ.

ಏಪ್ರಿಲ್ 14

ಲಾಕ್‌ಡೌನ್ ಮೇ ಮೂರರವರೆಗೆ ಮುಂದುವರಿಸಿದರು. ತಟ್ಟೆ ಬಡಿದಾಯಿತು, ದೀಪ ಹಚ್ಚಿದ್ದಾಯಿತು. ಇನ್ನೇನು ಮಾಡಿಸುತ್ತಾರೋ ಎಂದು ಟೀವಿ ಮುಂದೆ ಕೂತೆ. ಒಂದು ಚಾನಲ್ಲಿನವನು ಯಾವ ಧರ್ಮದವರು ರೋಗ ತಂದರೆಂದು ಕಿರುಚುತ್ತಾನೆ. ಇನ್ನೊಂದರಲ್ಲಿ ಕಷಾಯ ಕುದಿಯುತ್ತಿದೆ. ಮತ್ತೊಂದರಲ್ಲಿ ಊರಿಗೆ ನಡೆದು ಹೊರಟವರ ಬರಿಗಾಲು ತೋರಿಸಿ ಹಿಂದೆ ಪಿಟೀಲು ನುಡಿಸುತ್ತಾರೆ. ಕಾಲು ಯಾರದು, ಹೆಸರೇನು, ಕೇಳುವುದಿಲ್ಲ.

ಇದನ್ನೆಲ್ಲ ಯಾರಿಗೆ ಬಿಡಿಸಿ ಹೇಳಲಿ? ನಾನೂ ಒಂದು ರೆಕಾರ್ಡ್ ಮಾಡಿ ಗ್ರೂಪಿಗೆ ಬಿಟ್ಟೆ. ಕೇಂದ್ರ, ರಾಜ್ಯ, ಯಾರ ತಪ್ಪು ಎಷ್ಟು, ಪೂರ್ತಿ. ಸಂಜೆಯವರೆಗೆ ಉತ್ತರವಿಲ್ಲ. ಆಮೇಲೆ ಯಾರೋ ಒಬ್ಬ: "ಅಕ್ಕಾ, ಮಾಸ್ತರ್ ಹೇಳಿದ್ದು ಸ್ವಲ್ಪ ಸಣ್ಣದ ಮಾಡಿ ಹೇಳ್ರಿ."

ಮಾಡಿದಳು. "ಮೇ ತೀನ್ ತನಕ ಬಂದ್ ಅದ. ಹೊರಗ ಹೋಗಬ್ಯಾಡ್ರಿ." ಮುಗಿಯಿತು.

ಗಿರಿಜವ್ವ ಸೆರಗು ಬಾಯಿಗೊತ್ತಿ ನಕ್ಕಳು. ಸಿಟ್ಟಿಗೆ ಊಟ ಬಿಟ್ಟೆ. ಯಾರೂ ಗಮನಿಸಲಿಲ್ಲ. ಕೊನೆಗೆ ನಾನೇ ಎದ್ದು ಹೋಗಿ ತಟ್ಟೆಗೆ ಹಾಕಿಕೊಂಡೆ.

ಏಪ್ರಿಲ್ 18

ಕಾಯಿಪಲ್ಲೆ ತರಲು ಇಳಿದಿದ್ದೆ. ಸುಣ್ಣದ ವೃತ್ತದೊಳಗೆ ನಿಂತು ಪಾಳಿ ಕಾದೆ. ಪಕ್ಕದ ವೃತ್ತದವನು ಮಾಸ್ಕ್ ಸರಿಸಿ, "ತುಮ್ಹೀ ವೈಶಾಲಿತಾಯಿಂಚೆ ಸಾಸರೇ ನಾ?" ಅಂದ. ವೈಶಾಲಿಯ ಮಾವ! ಇಷ್ಟು ವರ್ಷ ಈ ಬಿಲ್ಡಿಂಗಿನಲ್ಲಿ ಅವಳು ರಾಯಪ್ಪನ ಸೊಸೆಯಾಗಿದ್ದಳು. ಬದನೆಕಾಯಿ ಆರಿಸದೆ ಹಾಗೇ ಚೀಲಕ್ಕೆ ತುಂಬಿಸಿಕೊಂಡು ಬಂದೆ. ಅರ್ಧಕ್ಕರ್ಧ ಹುಳುಕು. ಅದಕ್ಕೂ ಬೈಸಿಕೊಂಡೆ.

ಏಪ್ರಿಲ್ 22

ನಗರಸೇವಕ, ಅಂದರೆ ಕಾರ್ಪೊರೇಟರ್ ಸಾಹೇಬರ ಕಡೆಯವರು ಬಂದರು. ಚೀಲದ ಮೇಲೆ ಸಾಹೇಬರ ಫೋಟೋ ದೊಡ್ಡದು, ಒಳಗೆ ಬೇಳೆ ಕಡಿಮೆ. ಜೊತೆಗೆ ಲೋಕಲ್ ಕೇಬಲ್ ಚಾನಲ್ಲಿನ ಕ್ಯಾಮೆರಾ. ದಿವಾದಲ್ಲಿ ಕನ್ನಡದವರ ಮತಗಳಿವೆಯೆಂದು ಈಗ ನೆನಪಾಗಿರಬೇಕು. ಬಿಳಿ ಅಂಗಿ ಹಾಕಿಕೊಂಡೆ. ಮಾಸ್ಕಿನ ಮೇಲೆ ಎಷ್ಟು ಮುಖ ಕಾಣುತ್ತದೋ ಅಷ್ಟಕ್ಕೆ ಪೌಡರೂ ಹಚ್ಚಿಕೊಂಡೆ.

"ಮ್ಯಾಡಮ್ ಕುಠೇ ಆಹೇತ್?"

ಮ್ಯಾಡಮ್! ವೈಶಾಲಿ ಎಲ್ಲಿ ಎಂದು ಕೇಳುತ್ತಿದ್ದಾರೆ. ಬಂದಳು, ಕೈಯಲ್ಲಿ ಹಿಟ್ಟು. ಬಾಗಿಲಲ್ಲಿ ನಿಲ್ಲಿಸಿ ಬೈಟ್ ತೆಗೆದುಕೊಂಡರು. ಕ್ಯಾಮೆರಾದವನು ನನ್ನತ್ತ ಕೈಯಾಡಿಸಿ, "ಕಾಕಾ, ಜರಾ ಬಾಜೂಲಾ" ಅಂದ. ಬಾಜೂಕ್ಕೆ ಸರಿದೆ. ಅಲ್ಲಿಂದ ಅಡಿಗೆಮನೆಗೆ.

ಸಂಜೆ ತೋರಿಸಿದರು. ನನ್ನ ಮೊಣಕೈ ಒಂದು ಕ್ಷಣ ಕಂಡಿತು. ಗಿರಿಜವ್ವ ಸಮಾಧಾನಕ್ಕೆ ಬಂದಳು: "ಇದನ್ನ ನಮ್ಮ ಮಾವ್ನೋರು ಚಾಲೂ ಮಾಡಿದ್ದು, ನಾ ಬರೇ ಓದ್ತೀನಿ ಅಂತ ಆಕಿ ಅಂದ್ಳು ರೀ. ಅವರು ಕತ್ತರಿಸಿ ಒಗದಾರ." ಅಂದಳಂತೆ. ಕತ್ತರಿಸಿದರಂತೆ. ನಾನು ಕೇಳಿಲ್ಲ.

ಇನ್ನು ಎಲೆಕ್ಷನ್ನಿಗೆ ನಿಲ್ಲಿಸುತ್ತಾರೇನೋ. ನಿಲ್ಲಲಿ. ನಾವು ಫ್ಯಾನು ಹಾಕಿಕೊಂಡು ಕೂರಬಹುದು.

ಏಪ್ರಿಲ್ 27

ಅವಳ ಗಂಟಲು ಕೆಟ್ಟಿದೆ. ಇಡೀ ಮನೆ ಆ ಗಂಟಲಿನ ಸೇವೆಗೆ ನಿಂತಿದೆ. ಗಿರಿಜವ್ವನ ಶುಂಠಿ-ಮೆಣಸಿನ ಕಷಾಯ. ಮಗ ಕೈಲಾಸ ಔಷಧಿ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ, ಮನೆಯಲ್ಲಿ ಪಾಸ್ ಇರುವುದು ಅವನಿಗೊಬ್ಬನಿಗೇ. ಹೊಸ ಥರದ ಗುಳಿಗೆ ಹಿಡಿದು ಬಂದ. ನನ್ನ ಗಂಟಲಿಗೆ ಇಷ್ಟು ವರ್ಷದಲ್ಲಿ ಸಿಕ್ಕಿದ್ದು ಸಿದ್ರಾಮ ಚಹಾಕ್ಕೆ ಜಾಸ್ತಿ ಹಾಕುತ್ತಿದ್ದ ಸಕ್ಕರೆ.

ಚಂದವ್ವ ಫೋನಿನಲ್ಲಿ ಅವಳಿಗೆ ಸೋಬಾನ ಪದ ಕಲಿಸುತ್ತಾಳೆ. ಇವಳು ಚಂದವ್ವನ ಕೂಸಿಗೆ ಮರಾಠಿ ಹಾಡು ಹೇಳುತ್ತಾಳೆ. ಸ್ಪೀಕರ್ ಹಾಕಿರುತ್ತಾರೆ, ಬೇಡವೆಂದರೂ ಕಿವಿಗೆ ಬೀಳುತ್ತದೆ.

ಮಧ್ಯಾಹ್ನ ನನ್ನ ಹತ್ತಿರ ಬಂದಳು. "ಬಾಬಾ, ತಾಳ್ಮೆ ಅಂದ್ರ ಕಾಯ್?"

"ನಂಗೇನ್ ಗೊತ್ತು? ಗೂಗಲ್ ಕೇಳು."

ಮುಖ ಸಣ್ಣದಾಯಿತು. ಇವತ್ತಿಡೀ ದಿನದಲ್ಲಿ ನನಗೆ ಹಿತವಾದದ್ದು ಅದೊಂದೇ.

ಏಪ್ರಿಲ್ 30, ಸಂಜೆ

ಟೀವಿಯಲ್ಲಿ: ಸಿಕ್ಕಿಬಿದ್ದ ಕಾರ್ಮಿಕರನ್ನು ಅವರವರ ಊರಿಗೆ ಕಳಿಸಲು ಕೇಂದ್ರದ ಒಪ್ಪಿಗೆ. ಎದ್ದು ಕೂತೆ. ದಿವಾದಿಂದ ಮೆಸೇಜಿನ ಮೇಲೆ ಮೆಸೇಜು. ಅಕ್ಕಾ ಖರೇನಾ? ಅಕ್ಕಾ ಯಾವಾಗ?

ಅಕ್ಕ ಹೆಲ್ಪ್‌ಲೈನಿಗೆ ಹಚ್ಚಿ ಹಚ್ಚಿ ಸುಸ್ತು. ಎಂಗೇಜ್. "ಪಕ್ಕಾ ಇಲ್ಲ ಬಾಬಾ. ಹ್ಯಾಂಗ ಹೋಗೂದು, ಎಲ್ಲಿಂದ, ಯಾರೂ ಹೇಳಿಲ್ಲ. ನಾಳೆ ಕೇಳಿ ಹೇಳ್ತೀನಿ."

ಇಂಥ ಸುದ್ದಿಗೆ ನಾಳೆ! ಇದನ್ನು ಬಿಡಿಸುವುದು ನನಗಲ್ಲದೆ ಯಾರಿಗೆ ಬರುತ್ತದೆ? ಕೂತು ಯೋಚಿಸಿದೆ. ಇಷ್ಟು ಮಂದಿಗೆ ಬಸ್ಸು ಸಾಲದು, ಅಂದರೆ ರೈಲು. ಸೋಲಾಪುರ ದಾರಿಯ ರೈಲು ಕಲ್ಯಾಣ ಬಿಟ್ಟು ಹೋಗುವುದಿಲ್ಲ, ಅಂದರೆ ಕಲ್ಯಾಣ. ನಾಳೆ ಮೇ ಒಂದು, ಮಹಾರಾಷ್ಟ್ರ ದಿನ, ಮೇಲೆ ಕಾರ್ಮಿಕರ ದಿನ. ಹೆಸರು ಮಾಡಿಕೊಳ್ಳುವ ಇಂಥ ದಿನವನ್ನು ಯಾವ ಸರಕಾರ ಬಿಡುತ್ತದೆ? ಅಂದರೆ ನಾಳೆಯೇ.

ಮನೆ ಮುಂದಿನ ಗ್ಯಾಲರಿಗೆ ಹೋಗಿ ರೆಕಾರ್ಡ್ ಮಾಡಿದೆ. ಕೆಮ್ಮು ಬರಲಿಲ್ಲ. "ನಾಳೆ ಮುಂಜಾನೆ ಕಲ್ಯಾಣ ಸ್ಟೇಷನ್ನಿಗಿ ನಡೀರಿ. ಖೋಲಿ ಖಾಲಿ ಮಾಡಿ ಕೀಲಿ ಮಾಲಕಗ ಕೊಟ್ಟಬಿಡ್ರಿ, ಸುಮ್ಮ ಭಾಡಾ ಯಾಕ ಕೊಡತೀರಿ?" ಕೊನೆಯದು ಯಾರೂ ಹೇಳಿದ್ದಲ್ಲ, ನನ್ನ ಬುದ್ಧಿ.

ಫೋನು ಕುಣಿಯತೊಡಗಿತು. ಅವಳದಲ್ಲ, ನನ್ನದು! "ಮಾಸ್ತರ, ನೀವ್ ಹೇಳಿದ್ರಂದ್ರ ಮುಗೀತು." ಯಂಕಪ್ಪ ಅತ್ತೇಬಿಟ್ಟ.

"ಬಾಬಾ, ನಿಮಗ ಇದನ್ನ ಯಾರು ಸಾಂಗಿದ್ರು?" ವೈಶಾಲಿ ಕೇಳಿದಳು.

"ನನ್ನ ಅನುಭವ."

ಏನೋ ಹೇಳಲು ಹೊರಟು ಸುಮ್ಮನಾದಳು. ಗ್ರೂಪಿನ ಮಂದಿಯ ಮುಂದೆ ಮಾವನಿಗೆ ಎದುರಾಡುವ ಮನೆಯಿಂದ ಬಂದವಳಲ್ಲ. ನಾನು ಎರಡು ರೊಟ್ಟಿ ಜಾಸ್ತಿ ತಿಂದೆ.

ಮೇ 1, ಮುಂಜಾನೆ

ಯಂಕಪ್ಪ ಫೋಟೋ ಕಳಿಸಿದ್ದಾನೆ. ಹಳಿಗುಂಟ ಮಂದಿ, ತಲೆಯ ಮೇಲೆ ಗಂಟು. ಕೂಸು ಅವನ ಹೆಗಲ ಮೇಲೆ. ಡೊಂಬಿವಲಿ ದಾಟಿದರಂತೆ. ಕೆಳಗೆ: 'ಮಾಸ್ತರಿಗೆ ಶರಣು.' ಬೇಕೆಂದೇ ಅದನ್ನು ವೈಶಾಲಿಗೆ ತೋರಿಸಿದೆ.

ಅದೇ ದಿನ, ಮಧ್ಯಾಹ್ನ

ರೈಲಿಲ್ಲ.

ಸ್ಟೇಷನ್ನಿನ ಬಾಗಿಲಿಗೆ ಸರಪಳಿ. ಪೊಲೀಸರು ಹೊಳ್ಳಿ ಕಳಿಸಿದರಂತೆ. ರೈಲು ಬಿಡುತ್ತಾರೆಂದು ಯಾರು ಹೇಳಿದರೆಂದು ಗದರಿ ಕೇಳಿದರಂತೆ. ಯಂಕಪ್ಪ ನನ್ನ ಹೆಸರು ಹೇಳಲಿಲ್ಲವಂತೆ.

ಸಂಜೆ

ದಿವಾಕ್ಕೆ ಬಂದರೆ ಮಾಲಕ ಖೋಲಿಗೆ ಬಿಡುತ್ತಿಲ್ಲ. ಕೀಲಿ ಕೊಟ್ಟಾಯಿತಲ್ಲ, ಗದ್ದಲದಲ್ಲಿ ನಿಂತು ರೋಗ ತಂದಿರುತ್ತೀರಿ ಅನ್ನುತ್ತಾನೆ. ಚಂದವ್ವ ಕೂಸನ್ನು ಕಟ್ಟಿಕೊಂಡು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಾಳೆ. ಇನ್ನೂ ಐದಾರು ಸಂಸಾರಗಳದ್ದು ಇದೇ ಗತಿ.

ಗ್ರೂಪಿನಲ್ಲಿ ಒಂದೇ ಪ್ರಶ್ನೆ. ಹಂಗಂದ್ರೇನ್ರೀ ಮಾಸ್ತರ? ರೈಲ್ ಎಲ್ಲೈತ್ರೀ ಮಾಸ್ತರ? ಫೋನನ್ನು ದಿಂಬಿನ ಕೆಳಗೆ ತುರುಕಿದೆ.

ವೈಶಾಲಿ ಎದ್ದಳು. ಫ್ಯಾನು ಬಂದ್ ಮಾಡಲಿಲ್ಲ. ನಿಂತಲ್ಲೇ ಮೊಬೈಲು ಹಿಡಿದಳು. "ಬಾಬಾಂಗ ಆ ಸುದ್ದಿ ನಾ ಕೊಟ್ಟಿದ್ದೆ. ನನ್ನ ಮ್ಯಾಲ ಭರೋಸಾ ಇಟ್ಟು ಅವರು ನಿಮಗ ಹೇಳಿದ್ರು. ಚೂಕ್ ನಂದು. ನಂದು." ತಪ್ಪು ತನ್ನದೆಂದು ಎರಡು ಸಲ, ಎಂದಿನ ಹಾಗೆ.

ಹಾಗೇಕೆ ಹೇಳಿದೆಯೆಂದು ಗಿರಿಜವ್ವ ಕೇಳಿದಳು.

"ಬಾಬಾಂದು ವೀಸ್ ವರ್ಷದ ಹೆಸರು ಅದ, ಆಯಿ. ನಂದು ಏಕ್ ಮಹಿನಾದ್ದು. ನಂದು ಹೋದ್ರ ಚಾಲೇಲ್, ನಡೀತದ. ಮತ್ತ ನಿನ್ನೆ ನಾ ಸುಮ್ಮ ಕೂತೆ, ಅದೂ ಚೂಕ್."

ಅಷ್ಟಂದು ಮಾಲಕನ ಹೆಂಡತಿಗೆ ಫೋನು ಹಚ್ಚಿ ಮರಾಠಿಯಲ್ಲಿ ಕಾಡತೊಡಗಿದಳು.

ಇಷ್ಟು ಸಲೀಸಾಗಿ ಕೊಟ್ಟುಬಿಡುವುದನ್ನು ಎಲ್ಲಿ ಕಲಿತಳು? ನನಗಿಂತ ಸಣ್ಣವಳು, ನನ್ನ ಮನೆಗೆ ಬಂದವಳು. ಹೊಟ್ಟೆ ಉರಿಯಿತು. ಇವತ್ತು ಕೂಡ. ಇವತ್ತೇ ಹೆಚ್ಚು.

ಮೇ 3

ಕಟ್ಟೆಯ ಮೇಲೆ ಎರಡು ರಾತ್ರಿ ಕಳೆದ ಮೇಲೆ ಖೋಲಿ ಸಿಕ್ಕಿತು. ಮಾಲಕನ ಹೆಂಡತಿ ಕರಗಿದಳು. ಚಂದವ್ವನಿಗೆ ಬಿಸಿಲಿನ ಜ್ವರ. ವೈಶಾಲಿಯ ಫೋನು ಎತ್ತಲಿಲ್ಲ. ಗಿರಿಜವ್ವನ ಫೋನಿನಿಂದ ಹಚ್ಚಿದಾಗ ಎತ್ತಿದಳು. ಇವಳ ಧ್ವನಿ ಕೇಳಿ ಇಟ್ಟುಬಿಟ್ಟಳು.

ನನಗೆ ಯಂಕಪ್ಪನ ಫೋನು. "ಮಾಸ್ತರ, ಆಕಿಗಿ ಬೈಬ್ಯಾಡ್ರಿ ಮತ್ತ. ಸಣ್ಣ ವಯಸ್ಸು, ಆಗ್ತದ. ಆದ್ರ ಇನ್ ಮ್ಯಾಲ ಸುದ್ದಿ ನೀವೇ ಹೇಳ್ರೀಪಾ. ನಮ್ಮ ಪಾಡ ಆ ಮರಾಠಿ ಮಂದಿಗಿ ಏನ್ ತಿಳೀತದ?"

"ಹೂಂ" ಅಂದೆ.

ಖುಷಿಯಾಯಿತು. ಬರೆಯಲು ನಾಚಿಕೆ, ಆದರೆ ಆಯಿತು. ಆಮೇಲೆ ಊಟಕ್ಕೆ ಕೂತವನು ತಟ್ಟೆ ಸರಿಸಿ ಎದ್ದೆ.

ಮೇ 6

ಗ್ರೂಪು ಈಗ ನನ್ನದು. ಹನ್ನೊಂದಕ್ಕೆ ನಾನು ಕೂರುತ್ತೇನೆ. ಫ್ಯಾನನ್ನು ನಾನೇ ಎದ್ದು ಬಂದ್ ಮಾಡಬೇಕು. ಕೈ ಮುಗಿದ ಚಿತ್ರಗಳೆಲ್ಲ ನನಗೇ ಬರುತ್ತವೆ. ಒಬ್ಬ ಬರೆದಿದ್ದಾನೆ: 'ಖರೇ ಹೇಳೋರು ಮಾಸ್ತರೊಬ್ರೇ.'

ಆ ಹೊತ್ತಿಗೆ ವೈಶಾಲಿ ಬಟ್ಟೆ ಒಗೆಯಲು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಳ್ಳುತ್ತಾಳೆ. ಹೊರಗೆ ಬಂದಾಗ ಕಣ್ಣು ಕೆಂಪಗಿರುತ್ತದೆ. ಸೋಪು ಅನ್ನುತ್ತಾಳೆ. ಗಿರಿಜವ್ವ ನನ್ನೊಡನೆ ಮಾತು ಬಿಟ್ಟಿದ್ದಾಳೆ. "ಚಹಾ" ಎಂದು ಕಪ್ಪು ಕುಕ್ಕಿ ಹೋಗುತ್ತಾಳೆ.

ಹೇಳಿಬಿಡಲೇ? ಹೇಳಿದರೆ ಏನಾಗುತ್ತದೆಂದೂ ಗೊತ್ತು. ಮಾವನ ತಪ್ಪನ್ನು ತಲೆಯ ಮೇಲೆ ಹೊತ್ತ ಸೊಸೆ! ಚಂದವ್ವ ಅವಳ ಮೇಲೆ ಪದವನ್ನೇ ಕಟ್ಟುತ್ತಾಳೆ. ನಾನು ಬಾಯಿ ಬಿಟ್ಟಷ್ಟೂ ಅವಳು ದೊಡ್ಡವಳು. ಅದನ್ನು ನೆನೆದಾಗೆಲ್ಲ ಬಾಯಿ ಕಟ್ಟುತ್ತದೆ.

ಮೇ 10, ರವಿವಾರ

ಈಗ ರೈಲು ನಿಜಕ್ಕೂ ಬಿಡುತ್ತಾರೆ. ಪೊಲೀಸ್ ಠಾಣೆಯಲ್ಲಿ ಹೆಸರು ಕೊಡಬೇಕು, ಡಾಕ್ಟರ್ ಚೀಟಿ ಬೇಕು, ಪಾಳಿ ಬಂದಾಗ ಅವರೇ ಕರೆಯುತ್ತಾರೆ. ಅಲ್ಲಿಯವರೆಗೆ ಖೋಲಿ ಬಿಡಬಾರದು. ಇದನ್ನು ತಂದವಳು ವೈಶಾಲಿ. ಠಾಣೆಯವರಿಗೆ ಫೋನು ಮಾಡಿ ಮಾಡಿ, ಪಕ್ಕಾ ಆದ ಮೇಲೆ, "ನೀವೇ ಸಾಂಗಾ ಬಾಬಾ" ಅಂದಳು. ತಾನು ಹೇಳಿದರೆ ಯಾರೂ ನಂಬುವುದಿಲ್ಲ ಎಂದು ಅವಳಿಗೆ ಗೊತ್ತು.

ಅವಳು ಹೇಳಿದಷ್ಟೇ ಹೇಳಿದೆ. ಏನೂ ಸೇರಿಸಲಿಲ್ಲ.

ಮೊದಲ ಉತ್ತರ ಚಂದವ್ವನದು. "ಮಾಸ್ತರ, ಇದು ನಿಮ್ಮ ಸುದ್ದಿ ಹೌದಿಲ್ಲೊ? ಆ ಹುಡುಗಿ ತಂದಿದ್ದಲ್ಲಲ್ಲ? ಆಕಿ ತಂದಿದ್ದಂದ್ರ ಸತ್ರೂ ನಾ ಹೊಸ್ತಿಲಾ ದಾಟಂಗಿಲ್ಲ. ನನ್ನ ಕೂಸು ಇನ್ನಾ ಹೆದರತೈತಿ."

ಸ್ಪೀಕರ್ ಹಾಕಿತ್ತು. ವೈಶಾಲಿ ಪಕ್ಕದಲ್ಲೇ ನಿಂತಿದ್ದಳು. "ಅಲ್ಲ ಅಂತ ಸಾಂಗಾ, ಬಾಬಾ" ಅಂದಳು. "ಇಲ್ಲಂದ್ರ ಅವರು ಹೋಗಾಂಗಿಲ್ಲ." ತಿರುಗಿ ಒಳಗೆ ಹೋದಳು.

ಅಲ್ಲ ಎಂದು ಒಂದು ಮಾತು ಹೇಳಿದರೆ ಸಾಕು. ಚಂದವ್ವ ಊರು ಸೇರುತ್ತಾಳೆ, ಮಾಸ್ತರ ಮಾಸ್ತರನಾಗಿಯೇ ಇರುತ್ತಾನೆ. ಅವಳನ್ನು ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಮೂರು ಸಲ ರೆಕಾರ್ಡ್ ಒತ್ತಿದೆ. ಅಲ್ಲ ಎನ್ನಲು ಬಾಯಿ ಬರುತ್ತಿಲ್ಲ, ಹೌದು ಎನ್ನಲೂ ಬರುತ್ತಿಲ್ಲ. ಇಲ್ಲಿ ಬರೆದುಕೊಂಡು ಓದಿಬಿಡುತ್ತೇನೆ. ಓದುವುದಾದರೂ ಬರುತ್ತದಲ್ಲ ನನಗೆ.

ಚಂದವ್ವಾ, ಯಂಕಪ್ಪಾ, ಎಲ್ಲಾರೂ ಕೇಳ್ರಿ. ಇವತ್ತಿನ ಸುದ್ದಿ ವೈಶಾಲಿ ತಂದಿದ್ದು. ಪಕ್ಕಾ ಅದ. ಹ್ವಾದ ಸಲದ್ದು ಆಕಿ ಹೇಳಿದ್ದಲ್ಲ. ಕಲ್ಯಾಣಕ್ಕ ನಡೀರಿ ಅಂದಾಂವ ನಾನು. ಖೋಲಿ ಬಿಡ್ರಿ ಅಂದಾಂವನೂ ನಾನು. ನನಗ್ಯಾರೂ ಹೇಳಿರಲಿಲ್ಲ. ನೀವು ಆಕಿಗಿ ಅಕ್ಕಾ ಅಕ್ಕಾ ಅಂತಿದ್ರಿ, ಅದನ್ನ ಕೇಳಿ ಕೇಳಿ ನನಗ ಹೊಟ್ಟಿಕಿಚ್ಚು —